ತಾಜಾವಾಕೊ ನಿಲ್ದಾಣದ ಕರಡಿ ಮಾಂಸ: ನೆಣಕ್ಕಾಗಿ ಕೊಳ್ಳಿ, ಪೂರ್ತಿ ಬೇಯಿಸಿ ತಿನ್ನಿ

ಜಪಾನಿನ ಅಕಿತಾ ಪ್ರಾಂತ್ಯದ ತಾಜಾವಾಕೊ ರೈಲು ನಿಲ್ದಾಣದ ಹತ್ತಿರ ಕರಡಿ ಮಾಂಸ ಮಾರುವ ಯಂತ್ರ ಇದೆ. ಅಲ್ಲಿನ ಸೋಬಾ ನೂಡಲ್ಸ್ ಹೋಟೆಲಿನವರು ಇಟ್ಟದ್ದು. ಫ್ರೀಜ್ ಮಾಡಿದ 250 ಗ್ರಾಂ ಪ್ಯಾಕೆಟ್‌ಗೆ 2,200 ಯೆನ್ (2023ರ ಬೆಲೆ). ಸುತ್ತಲ ಬೆಟ್ಟಗಳಲ್ಲಿ ಸ್ಥಳೀಯ ಬೇಟೆಗಾರರು ಹೊಡೆದ ಕಪ್ಪು ಕರಡಿಯದು, ಎದೆ ಮೇಲೆ ಬಿಳಿ ಅರ್ಧಚಂದ್ರ ಇರುತ್ತದಲ್ಲ, ಆ ಜಾತಿ. ಇಲ್ಲಿನ ಸಾಂಪ್ರದಾಯಿಕ ಬೇಟೆಗಾರರಿಗೆ ಮತಗಿ ಅನ್ನುತ್ತಾರೆ. ಕರಡಿಯನ್ನು ಅವರು ಬೆಟ್ಟದ ದೇವಿ ಕೊಟ್ಟದ್ದು ಎಂದೇ ನಂಬುತ್ತಾರೆ.

ನಾನು ಹೊಸಪೇಟೆಯವನು. ದರೋಜಿ ಧಾಮದಲ್ಲಿ ಬಂಡೆಗೆ ಸವರಿದ ಬೆಲ್ಲ ನೆಕ್ಕುವ ಕರಡಿಗಳನ್ನು ನೋಡಿ ಬೆಳೆದವನು. ನಮ್ಮಲ್ಲಿ ಕರಡಿ ಬೇಟೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಹಾಗೇ ಇರಲಿ. ಅಕಿತಾದಲ್ಲಿ ಕರಡಿಗಳು ಊರೊಳಗೇ ನುಗ್ಗಿ ಜನರ ಮೇಲೆ ಬೀಳುತ್ತವೆ, ಹೊಡೆಯದೆ ವಿಧಿಯಿಲ್ಲ. ಹೊಡೆದ ಮೇಲೆ ಹೂಳುವುದಕ್ಕಿಂತ ತಿನ್ನುವುದೇ ಆ ಜೀವಕ್ಕೆ ಮರ್ಯಾದೆ ಅಂತ ನನ್ನ ಅಭಿಪ್ರಾಯ.

ಮಾಂಸ ಕಡುಗೆಂಪು, ಅಂಚಿಗೆ ಬೆರಳು ದಪ್ಪ ಬಿಳಿ ನೆಣ. ತೆಳ್ಳಗೆ ಹೆಚ್ಚಿ ಒಂದು ಕುದಿ ಬರಿಸಿ, ಕಂದು ನೊರೆ ಏಳುತ್ತಲೇ ಆ ನೀರು ಚೆಲ್ಲಿದೆ. ಹೊಸ ನೀರಿಗೆ ಶುಂಠಿ, ಸಾಕೆ (ಜಪಾನಿನ ಅಕ್ಕಿ ಮದ್ಯ) ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆಗೂ ಹೆಚ್ಚು ಬಿಟ್ಟೆ. ಆಮೇಲೆ ಮೂಲಂಗಿ, ಗೋಬೋ ಬೇರು, ಕೊನೆಗೆ ಮಿಸೋ (ಹುದುಗಿಸಿದ ಸೋಯಾ ಪೇಸ್ಟ್). ಘಾಟು ವಾಸನೆ ಇರುತ್ತದೆ ಅಂದುಕೊಂಡಿದ್ದೆ, ಅಷ್ಟೇನೂ ಇರಲಿಲ್ಲ. ಕೆಂಪು ಭಾಗ ಬಲಿತ ಕುರಿಯಷ್ಟು ಗಟ್ಟಿ, ಅಗಿಯಬೇಕು. ನೆಣ ಮಾತ್ರ ಅದ್ಭುತ! ಬಾಯಿಗಿಟ್ಟರೆ ಕರಗುತ್ತದೆ, ಸಣ್ಣ ಸಿಹಿ, ಅಂಗುಳಿಗೆ ಜಿಡ್ಡು ಹತ್ತುವುದಿಲ್ಲ. ಎಸರಿನ ಮೇಲೆ ತೇಲುವ ಎಣ್ಣೆಯನ್ನು ಮೂಲಂಗಿ ಹೀರಿಕೊಂಡಿತ್ತು. ಮಾಂಸಕ್ಕಿಂತ ಆ ಹೋಳುಗಳೇ ನನಗೆ ಹೆಚ್ಚು ಹಿಡಿಸಿದವು.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಉದಾಸೀನ ಬೇಡ. ಕರಡಿ ಮಾಂಸದಲ್ಲಿ ಟ್ರಿಕಿನೆಲ್ಲಾ ಹುಳು ಇರಬಹುದು, ಫ್ರೀಜರ್‌ಗೆ ಜಗ್ಗದ ತಳಿಗಳೂ ಅದರಲ್ಲಿವೆ. 2022ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಒಂದು ಕುಟುಂಬ 45 ದಿನ ಫ್ರೀಜರ್‌ನಲ್ಲಿಟ್ಟ ಕರಡಿ ಮಾಂಸದ ಕಬಾಬ್ ಮಾಡಿ, ಸರಿಯಾಗಿ ಬೇಯದೆ ಆರು ಜನ ಕಾಯಿಲೆ ಬಿದ್ದರು. ಅವರಲ್ಲಿ ಇಬ್ಬರು ತಿಂದದ್ದು ಜೊತೆಗೆ ಬೆಂದ ತರಕಾರಿ ಮಾತ್ರ. ಹಸಿ ಮಾಂಸದ ಚಾಕು, ಮಣೆ ಬೇರೆ ಇಡಿ. ಒಳಭಾಗ 75 ಡಿಗ್ರಿ ಮುಟ್ಟಿ ಒಂದು ನಿಮಿಷವಾದರೂ ಇರಬೇಕು ಎಂಬುದು ಜಪಾನಿನ ನಿಯಮ. ಸುಟ್ಟು ತಿನ್ನುವ ಆಸೆ ಬಿಟ್ಟು ಸಾರು ಮಾಡುವುದೇ ಕ್ಷೇಮ.

ಬೆಲೆ ಜಾಸ್ತಿಯೇ, ಆದರೆ ತರಕಾರಿ ಧಾರಾಳವಾಗಿ ಹಾಕಿದರೆ ಒಂದು ಪ್ಯಾಕೆಟ್ ಮೂವರಿಗೆ ಸಾಲುತ್ತದೆ. ಉಳಿದ ಎಸರಿಗೆ ಮಾರನೆಯ ದಿನ ಉದೋನ್ ನೂಡಲ್ಸ್ ಹಾಕಿಕೊಳ್ಳಿ.