ಡೈರಿ ಬರೆದುಕೊಡಿ ಅಂತ ಬಂದರೆ ಮೊದಲು ಇದನ್ನು ಕೇಳಿ

ಹೊಸ ಆ್ಯಪ್ ಮಾಡುವವರು, ಬಳಸುವವರ ಕೆಲಸ ದಿನಾ ಹೇಗೆ ನಡೆಯುತ್ತದೆ ಅಂತ ತಿಳಿಯಲು, ಡೈರಿ ಬರೆಸೋಕೆ ಜನ ಹುಡುಕಿಕೊಂಡು ನಮ್ಮ ಮೂಡಿಗೆರೆ ಕಡೆಗೂ ಬರುತ್ತಿದ್ದಾರೆ. ದಿನಕ್ಕೆ ಐದು ನಿಮಿಷದ ಕೆಲಸ, ಕೊನೆಗೆ ದುಡ್ಡು ಅನ್ನುತ್ತಾರೆ. ಒಂದು ದಿನ ಬರೆಯದಿದ್ದರೆ ಏನಾಗುತ್ತದೆ ಅಂತ ಕೇಳಿ. ಪೂರ್ತಿ ತುಂಬಿದರೆ ಮಾತ್ರ ಹಣ ಅಂದರೆ, ಕಾಫಿ ಕುಡಿಸಿ ಕಳಿಸಿಬಿಡಿ.

ವಿಧಾನ ಕೆಟ್ಟದ್ದಲ್ಲ. ಎದುರು ಕೂರಿಸಿಕೊಂಡು ಕೇಳಿದರೆ ನಾವು ನೆನಪಿದ್ದಷ್ಟು ಹೇಳುತ್ತೇವೆ, ಅದನ್ನೂ ಸ್ವಲ್ಪ ಚೆಂದ ಮಾಡಿ. ಕೆಲಸ ನಡೆದ ದಿನವೇ ಎರಡು ಸಾಲು ಬರೆದಿಟ್ಟರೆ ನಿಜ ಸಿಗುತ್ತದೆ. ಹಾಗಾಗಿಯೇ ಡಿಸೈನ್ ಮಾಡುವವರು ಬಳಸುವವರ ಕೈಯಲ್ಲೇ ಡೈರಿ ಬರೆಸುವುದು.

ನಮ್ಮಲ್ಲಿಗೆ ಬಂದ ಕಂಪನಿ ಕಾಫಿ ತೋಟದ ಲೆಕ್ಕದ ಆ್ಯಪ್ ಮಾಡುತ್ತಿತ್ತು. ನೆಟ್‌ವರ್ಕ್ ಸಿಗಲ್ಲ ಅಂದಿದ್ದಕ್ಕೆ ಅಚ್ಚು ಹಾಕಿಸಿದ ಪುಸ್ತಕ ಕೊಟ್ಟರು. ಪುಟಕ್ಕೊಂದು ತಾರೀಕು, ಅಳುವುದರಿಂದ ನಗುವವರೆಗೆ ಐದು ಮುಖ. ಒಂದಕ್ಕೆ ಟಿಕ್ ಹಾಕಿ ಯಾಕೆ ಅಂತ ಬರೆಯಬೇಕು. ಬಂದಿದ್ದು ಅರೇಬಿಕಾ ಕೊಯ್ಲಿನ ಸಮಯಕ್ಕೆ. ಸಂಜೆ ಹಣ್ಣು ತೂಗಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡಿಸಿ, ಯಾರು ಎಷ್ಟು ಕೆ.ಜಿ. ಕೊಯ್ದರು ಅಂತ ಬರೆದು ಮುಗಿಸುವಷ್ಟರಲ್ಲಿ ಮುಖ ಆರಿಸುವ ತಾಳ್ಮೆ ಯಾರಿಗಿರುತ್ತದೆ ಹೇಳಿ?

ಪುಸ್ತಕ ವಾಪಸ್ ಕೊಡುವ ದಿನ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲ್‌ನಲ್ಲಿ ಎಲ್ಲರೂ ಸೇರಿದ್ದರು. ಒಂದೇ ನೀಲಿ ಪೆನ್ನು ಟೇಬಲ್ಲಿಂದ ಟೇಬಲ್ಲಿಗೆ ಓಡಾಡುತ್ತಿತ್ತು. "ಹದಿಮೂರನೇ ತಾರೀಕಿಗೆ ಏನು ಹಾಕಲಿ ಮಾರಾಯ?" "ನಗೋ ಮುಖ ಹಾಕು, ದುಡ್ಡು ಕೊಡೋರು ಅವರೇ ತಾನೆ." ಇನ್ನೊಬ್ಬರು ದಿನಾ ಬಳಸಿದ ಹಾಗೆ ಕಾಣಲಿ ಅಂತ ಪುಟಗಳನ್ನು ಮುದುರುತ್ತಿದ್ದರು. ಅವರೆಲ್ಲರಿಗೂ ಪೂರ್ತಿ ದುಡ್ಡು ಸಿಕ್ಕಿತು.

ನಾನು ಬರೆಯಲಾಗದ ದಿನಗಳನ್ನು ಖಾಲಿಯೇ ಬಿಟ್ಟಿದ್ದೆ. ಆನೆ ಬಂದಿದೆ ಅಂತ ಸುದ್ದಿಯಾಗಿ ಆಳುಗಳನ್ನು ಮಧ್ಯಾಹ್ನವೇ ಕಳಿಸಿದ ದಿನ, ಪಲ್ಪರ್ ಕೈಕೊಟ್ಟ ದಿನ. ಲೆಕ್ಕ ತಪ್ಪುವುದು ಅಂಥ ದಿನಗಳಲ್ಲೇ ಅಲ್ವಾ? ಆ್ಯಪ್ ಮಾಡುವವರು ಮೊದಲು ವಿಚಾರಿಸಬೇಕಿದ್ದಿದ್ದು ಅದನ್ನೇ. ಅವರು ಖಾಲಿ ಪುಟ ಎಣಿಸಿದರು, ನಿಯಮ ತೋರಿಸಿ ಒಂದು ಪೈಸೆಯೂ ಕೊಡಲಿಲ್ಲ.

ಹೋಟೆಲ್‌ನಲ್ಲಿ ನಡೆದದ್ದು ನಮ್ಮೂರಿನ ಕಿತಾಪತಿ ಅಂದುಕೊಳ್ಳಬೇಡಿ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ದೀರ್ಘಕಾಲದ ನೋವಿದ್ದ ರೋಗಿಗಳಿಗೆ ಕಾಗದದ ಡೈರಿ ಕೊಟ್ಟು, ಅದನ್ನು ಯಾವಾಗ ತೆರೆದರು ಅಂತ ಬೆಳಕಿನಿಂದ ತಿಳಿಯುವ ಸೆನ್ಸರ್ ಒಳಗೆ ಅಡಗಿಸಿದ್ದರು. ಡೈರಿ ನೋಡಿದರೆ ಶೇ 90ರಷ್ಟು ಹೊತ್ತಿಗೆ ಸರಿಯಾಗಿ ತುಂಬಿದ ಲೆಕ್ಕ. ನಿಜಕ್ಕೂ ಹಾಗೆ ತುಂಬಿದ್ದು ಶೇ 11. ಡೈರಿ ಬರೆಸುವುದೇ ಕಸುಬಾದವರಿಗೆ ಇದು ಗೊತ್ತಿರಬೇಕು.

ಅಷ್ಟಕ್ಕೂ ನಮಗೆ ದಿನಾ ಬರೆಯುವುದು ಹೊಸದಲ್ಲ. ಎಷ್ಟೋ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಎಷ್ಟು ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು) ಬಂತು, ಎಲ್ಲ ಇರುತ್ತದೆ. ನಮಗೇ ಬೇಕು, ಅದಕ್ಕೆ ಬರೆಯುತ್ತೇವೆ. ಇವರು ಅದನ್ನು ತೋರಿಸಿ ಅಂತಲೂ ಕೇಳಲಿಲ್ಲ.

ದುಡ್ಡು ಹೋದರೆ ಹೋಗಲಿ. ಡೈರಿ ಜೊತೆ ಲೆಕ್ಕದ ಪುಸ್ತಕದ ಫೋಟೊಗಳನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ್ದರು. ಆಮೇಲೆ ನೋಡಿದರೆ ಅವರ ಪ್ರಚಾರದ ವಿಡಿಯೊದಲ್ಲಿ ನಮ್ಮ ಪುಟ! ಯಾರು ಎಷ್ಟು ಅಡ್ವಾನ್ಸ್ ತಗೊಂಡಿದ್ದಾರೆ ಅನ್ನುವುದು ಹೆಸರಿನ ಸಮೇತ ಓದಬಹುದು. ಫೋನ್ ಮಾಡಿದರೆ, "ನೀವೇ ಸೈನ್ ಮಾಡಿದ್ದೀರಲ್ಲ ಸರ್" ಅಂದರು. ನನ್ನ ಸಹಿ ನನ್ನ ಮಟ್ಟಿಗೆ. ಕೊಯ್ಲಿಗೆ ಬಂದವರನ್ನು ಯಾರು ಕೇಳಿದ್ದರು? ಆ ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಅಂತ 2023ರಲ್ಲಿ ಬಂದ ಕಾಯ್ದೆ, ಒಪ್ಪಿಗೆಯ ವಿವರ ಕನ್ನಡದಲ್ಲೂ ಓದಲು ಸಿಗಬೇಕು, ಕೊಟ್ಟ ಒಪ್ಪಿಗೆ ಹಿಂದೆ ಪಡೆಯಬಹುದು ಅನ್ನುತ್ತದೆ.

ಬರೆದ ಪುಟಕ್ಕೆ ಇಷ್ಟು ಅಂತ ಕೊಡುವವರು, ಖಾಲಿ ಪುಟ ಕಂಡರೆ ಫೋನ್ ಮಾಡಿ ಏನಾಯಿತು ಅಂತ ಕೇಳುವವರು ಸಿಕ್ಕರೆ ಧಾರಾಳವಾಗಿ ಬರೆದುಕೊಡಿ. ಫೋಟೊ ಕೇಳಿದರೆ ಹೆಸರಿನ ಕಾಲಂ ಮುಚ್ಚಿ ತೆಗೆಯಿರಿ. ನಮ್ಮ ಪುಟ ಇರುವ ವಿಡಿಯೊ ತೆಗೆದುಹಾಕಿ ಅಂತ ಆ ಕಂಪನಿಗೆ ಬರೆದು ಕಳಿಸಿದ್ದೇನೆ. ಇನ್ನೂ ತೆಗೆದಿಲ್ಲ.