1915 ಗ್ರಾಹಕ ಸಹಾಯವಾಣಿ: ಎಂಆರ್‌ಪಿ ಇರುವ ಸರಕಿಗೆ ಆಸರೆ, ಇಲ್ಲದ್ದಕ್ಕೆ ಬರೀ ಸಲಹೆ

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನಡೆಸುವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ನಾನು ಕಲಬುರಗಿಯಿಂದ ಕರೆ ಮಾಡಿದ್ದು ಭೀಮಾ ನದಿ ಉಕ್ಕಿ ಹರಿದು ಜೇವರ್ಗಿ ಕಡೆಯ ಸಂಚಾರ ಅಸ್ತವ್ಯಸ್ತವಾಗಿದ್ದ ದಿನಗಳಲ್ಲಿ. ಸೇವೆಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕಕ್ಕೆ ಕರೆ ಸ್ವೀಕರಿಸುವವರು ಹೊಣೆಯಲ್ಲ, ಅವರ ಕೈಯಲ್ಲಿರುವ ಕಾನೂನು ಹೊಣೆ.

ಆ ದಿನಗಳಲ್ಲಿ ನಮ್ಮ ಬಡಾವಣೆಯ ಕಿರಾಣಿ ಅಂಗಡಿಯೊಂದರಲ್ಲಿ 20 ರೂಪಾಯಿ ಎಂದು ಮುದ್ರಿಸಿದ್ದ ಒಂದು ಲೀಟರ್ ನೀರಿನ ಬಾಟಲಿಗೆ 30 ರೂಪಾಯಿ ಕೇಳುತ್ತಿದ್ದರು. ಶುದ್ಧ ನೀರಿನ ಘಟಕದಿಂದ ತುಂಬಿ ತಂದು ಕೊಡುವ ಕ್ಯಾನಿನ ದರವಂತೂ ಎರಡು ಪಟ್ಟು ದಾಟಿತ್ತು. ಕೇಳಿದರೆ ಅಂಗಡಿಯಾತನ ಉತ್ತರ ಸಿದ್ಧವಿತ್ತು: "ಗಾಡಿನೇ ಬರಲತ್ತಿಲ್ರಿ, ಬೇಕಂದ್ರ ತಗೋರಿ, ಇಲ್ಲಂದ್ರ ಬಿಡ್ರಿ." ಬಾಟಲಿಯ ಮೇಲಿನ ಬೆಲೆ ಸ್ಪಷ್ಟವಾಗಿ ಕಾಣುವಂತೆ ಒಂದು ಫೋಟೊ ತೆಗೆದು, ಯುಪಿಐ ಮೂಲಕ ಹಣ ಕೊಟ್ಟು, ಮನೆಗೆ ಬಂದು ಕರೆ ಮಾಡಿದೆ.

ಸೇವೆಯ ಒಳ್ಳೆಯ ಗುಣಗಳನ್ನು ಮೊದಲು ಹೇಳಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಕರೆಗೆ ಶುಲ್ಕವಿಲ್ಲ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ದೂರು ಸ್ವೀಕರಿಸುತ್ತಾರೆ. ಕರೆ ಸ್ವೀಕರಿಸಿದ ಹೆಣ್ಣುಮಗಳು ನನ್ನ ಮಾತನ್ನು ಅರ್ಧಕ್ಕೆ ತಡೆಯದೆ ಕೇಳಿಸಿಕೊಂಡು, ಬಾಟಲಿಯ ವಿಷಯ ದಾಖಲಿಸಿ ದೂರಿನ ಸಂಖ್ಯೆ ಕೊಟ್ಟರು. ಮುದ್ರಿತ ಬೆಲೆಗಿಂತ ಹೆಚ್ಚು ವಸೂಲಿ ಮಾಡುವುದು ಪೊಟ್ಟಣ ಸರಕುಗಳ 2011ರ ನಿಯಮಗಳ ಉಲ್ಲಂಘನೆಯೆಂದೂ, ಅದನ್ನು ಪರಿಶೀಲಿಸುವ ಅಧಿಕಾರ ತೂಕ-ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಇದೆಯೆಂದೂ ತಿಳಿಸಿದರು. ಕ್ಯಾನಿನ ವಿಷಯ ಬಂದಾಗ ಅವರು ಕೇಳಿದ ಪ್ರಶ್ನೆ ಒಂದೇ: "ಅದರ ಮೇಲೆ ಎಂಆರ್‌ಪಿ ಇದೆಯಾ ಸರ್?" ಇರಲಿಲ್ಲ. ಅಲ್ಲಿಂದ ಮುಂದೆ ಸಿಕ್ಕಿದ್ದು ಸಲಹೆ ಮಾತ್ರ.

ಕಾರಣ ಸರಳವಾಗಿದೆ. ತುರ್ತು ಪರಿಸ್ಥಿತಿ ಘೋಷಣೆಯಾದ ಕೂಡಲೇ ಎಲ್ಲ ಅಗತ್ಯ ಸರಕು ಮತ್ತು ಸೇವೆಗಳ ಬೆಲೆಗೆ ತಾನಾಗಿಯೇ ಲಗಾಮು ಬೀಳುವಂಥ ಸಾಮಾನ್ಯ ಕಾಯ್ದೆ ನಮ್ಮ ದೇಶದಲ್ಲಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಅಧಿಕಾರಿಗಳಿಗೆ ಆದೇಶ ಹೊರಡಿಸುವ ಅಧಿಕಾರ ಕೊಡುತ್ತದೆಯೇ ಹೊರತು, ಇಷ್ಟು ಶೇಕಡಾಕ್ಕಿಂತ ಹೆಚ್ಚು ಏರಿಸಬಾರದು ಎಂದು ತಾನೇ ಹೇಳುವುದಿಲ್ಲ. ನಮ್ಮಲ್ಲಿರುವ ಮುಖ್ಯ ಆಯುಧ 1955ರ ಅಗತ್ಯ ವಸ್ತುಗಳ ಕಾಯ್ದೆ. ಅದನ್ನು ಸರ್ಕಾರ ಒಂದೊಂದು ವಸ್ತುವಿಗೂ ಬೇರೆಬೇರೆಯಾಗಿ ಪ್ರಯೋಗಿಸಬೇಕು. ಇದರ ವೇಗವನ್ನು ಕಲಬುರಗಿಯವರು ಕಣ್ಣಾರೆ ಕಂಡಿದ್ದೇವೆ. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಊರಿನ ವೃದ್ಧರೊಬ್ಬರದು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ರಂದು, ಸೋಂಕು ದೃಢಪಟ್ಟದ್ದು ಮಾರ್ಚ್ 12ರಂದು. ಮುಖಗವಸು ಮತ್ತು ಸ್ಯಾನಿಟೈಸರ್ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿದ್ದು ಮಾರ್ಚ್ 13ರಂದು. ಎರಡು ಪದರದ ಮುಖಗವಸಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ ಎಂಬ ಮಿತಿ ಬಂದದ್ದು ಮಾರ್ಚ್ 21ರಂದು. ಸರ್ಕಾರಿ ಲೆಕ್ಕದಲ್ಲಿ ಇದು ಚುರುಕಾದ ಕೆಲಸವೇ. ಆದರೆ ಬೆಲೆ ಏರಿಸುವವನಿಗೆ ಬೇಕಾದದ್ದು ನಡುವಿನ ಆ ಒಂದು ವಾರವೇ ಅಲ್ಲವೇ?

ಈ ಕಾಯ್ದೆಯ ಶಿಕ್ಷೆಯೇನೂ ಹಗುರವಲ್ಲ, ಏಳು ವರ್ಷದವರೆಗೆ ಜೈಲು ಇದೆ; ಕಾಳಸಂತೆ ತಡೆಯುವ 1980ರ ಕಾಯ್ದೆಯಡಿ ವ್ಯಕ್ತಿಯನ್ನು ಆರು ತಿಂಗಳವರೆಗೆ ಬಂಧನದಲ್ಲಿಡಲೂ ಅವಕಾಶವಿದೆ. ಇಷ್ಟು ಭಾರದ ಕೊಡಲಿಯನ್ನು ನೀರಿನ ಕ್ಯಾನ್ ಮಾರುವವನ ಮೇಲೆ ಯಾರೂ ಎತ್ತುವುದಿಲ್ಲ, ಎತ್ತಬೇಕೆಂದು ನಾನೂ ಹೇಳುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಂಡಸಂಹಿತೆಯ 396ನೇ ಕಲಂ ಈ ವಿಷಯದಲ್ಲಿ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ತುರ್ತು ಪರಿಸ್ಥಿತಿ ಘೋಷಿಸಿದ ಮೇಲೆ ಆಹಾರ, ಔಷಧ, ಇಂಧನ ಮೊದಲಾದವುಗಳನ್ನು ಹಿಂದಿನ ಬೆಲೆಗಿಂತ ಶೇ 10ಕ್ಕಿಂತ ಹೆಚ್ಚು ಏರಿಸಿ ಮಾರುವಂತಿಲ್ಲ. ಆದರೆ ಸರಕು ತರಿಸುವ ವೆಚ್ಚವೇ ಏರಿದೆಯೆಂದು ವ್ಯಾಪಾರಿ ತೋರಿಸಿಕೊಟ್ಟರೆ ಅಷ್ಟರಮಟ್ಟಿಗೆ ವಿನಾಯಿತಿ ಇದೆ. ಈ ವಿನಾಯಿತಿ ಬೇಕೇ ಬೇಕು. ಸೇತುವೆ ಮುಳುಗಿದಾಗ ಸುತ್ತುದಾರಿ ಹಿಡಿದು ಬರುವ ಗಾಡಿಗೆ ಡೀಸೆಲ್ ಹೆಚ್ಚು ಸುಡುತ್ತದೆ, ಆ ವೆಚ್ಚವನ್ನು ಮಾರುವವನೊಬ್ಬನೇ ಹೊರಬೇಕೆಂದರೆ ಅವನು ಗಾಡಿ ತರುವುದನ್ನೇ ನಿಲ್ಲಿಸುತ್ತಾನೆ. ಆದರೆ ನಮ್ಮ ಅಂಗಡಿಯ ಬಾಟಲಿಗಳು ಪ್ರವಾಹಕ್ಕೆ ಮೊದಲೇ ಬಂದು ಗೋಡೆಗೆ ಒರಗಿದ್ದ ಹಳೆಯ ದಾಸ್ತಾನು, ಡಬ್ಬಿಯ ಮೇಲೆ ಧೂಳು ಕೂತಿತ್ತು. ಅವುಗಳಿಗೆ ಯಾವ ಡೀಸೆಲ್ ಹೆಚ್ಚುವರಿಯಾಗಿ ಸುಟ್ಟಿತ್ತು?

ನಮ್ಮಲ್ಲೂ ಒಮ್ಮೆ ಶೇಕಡಾವಾರು ಅಳತೆಗೋಲು ಬಂದಿತ್ತು. ಅಗತ್ಯ ವಸ್ತುಗಳ ಕಾಯ್ದೆಗೆ ತಂದ 2020ರ ತಿದ್ದುಪಡಿ ಬೇಳೆಕಾಳಿನಂಥ ಬೇಗ ಕೆಡದ ಆಹಾರಧಾನ್ಯಕ್ಕೆ ಶೇ 50ರ, ತೋಟಗಾರಿಕೆ ಬೆಳೆಗೆ ಶೇ 100ರ ಏರಿಕೆಯನ್ನು ಗಡಿಯಾಗಿಟ್ಟಿತ್ತು. ಅದು ವ್ಯಾಪಾರಿ ಎಷ್ಟು ದಾಸ್ತಾನು ಇಡಬಹುದೆಂಬ ಮಿತಿ ಹೇರಲು ಸರ್ಕಾರಕ್ಕೆ ಹಾಕಿದ ಷರತ್ತೇ ವಿನಾ ಅಂಗಡಿಯವನಿಗೆ ಹಾಕಿದ ಕಡಿವಾಣವಾಗಿರಲಿಲ್ಲ. 2021ರಲ್ಲಿ ಕೃಷಿ ಕಾಯ್ದೆಗಳೊಡನೆ ಅದೂ ರದ್ದಾಯಿತು.

ಆದ್ದರಿಂದ 1915ಕ್ಕೆ ಕರೆ ಮಾಡುವವರು ಪೊಟ್ಟಣದ ಮೇಲಿನ ಬೆಲೆ, ತಯಾರಿಕೆಯ ತಿಂಗಳು, ಹಣ ಕೊಟ್ಟ ದಾಖಲೆ ಮೂರನ್ನೂ ಕೈಯಲ್ಲಿಟ್ಟುಕೊಂಡಿರಬೇಕು. ರಸೀದಿ ಕೊಡದಿದ್ದರೆ ಯುಪಿಐ ಸಂದೇಶವನ್ನಾದರೂ ಅಳಿಸದಿರಬೇಕು. ಇದು ವ್ಯಾಜ್ಯಕ್ಕೆ ಮೊದಲಿನ ಹಂತದ ಸೇವೆಯಾದ್ದರಿಂದ ದಂಡ ವಿಧಿಸುವ ಅಧಿಕಾರ ಇದಕ್ಕಿಲ್ಲ. ಇಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ.