ಬ್ಲೇರ್ ಹೌಸ್ ಸಭೆಯನ್ನು ಅಂತರ್ಜಾಲದಲ್ಲಿ ಹಿಂಬಾಲಿಸಿದ ಬಗೆಗಳು: ಒಂದು ಹೋಲಿಕೆ

2010ರ ಫೆಬ್ರುವರಿ 25ರಂದು ವಾಷಿಂಗ್ಟನ್ನಿನ ಬ್ಲೇರ್ ಹೌಸ್‌ನಲ್ಲಿ, ಅಮೆರಿಕದ ಆರೋಗ್ಯ ಸೇವೆಯ ಸುಧಾರಣೆಯನ್ನು ಕುರಿತು ಅಧ್ಯಕ್ಷ ಬರಾಕ್ ಒಬಾಮ ಕರೆದಿದ್ದ ಉಭಯ ಪಕ್ಷಗಳ ಸಭೆ ನಡೆಯಿತು. ಹಿಂದಿನ ನವೆಂಬರಿನಲ್ಲಿ ಪ್ರತಿನಿಧಿ ಸಭೆಯೂ ಡಿಸೆಂಬರ್ 24ರಂದು ಸೆನೆಟ್ಟೂ ತಮ್ಮ ತಮ್ಮ ಮಸೂದೆಗಳನ್ನು ಅಂಗೀಕರಿಸಿದ್ದವು. ಆದರೆ ಜನವರಿಯ ಮ್ಯಾಸಚೂಸೆಟ್ಸ್ ಉಪಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಸ್ಕಾಟ್ ಬ್ರೌನ್ ಗೆದ್ದು, ಒಬಾಮರ ಪಕ್ಷದ ಡೆಮಾಕ್ರಟರು ಸೆನೆಟ್ಟಿನಲ್ಲಿ ಹೊಂದಿದ್ದ, ವಿರೋಧಿಗಳ ತಡೆಯನ್ನು ಮುರಿಯಲು ಬೇಕಾದ 60 ಮತಗಳ ಬಲ ಕೈತಪ್ಪಿ, ಮುಂದಿನ ದಾರಿ ಕಟ್ಟಿಹೋದಂತಿತ್ತು. ಆಗ ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು ಅಮೆರಿಕದ ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಕೆಲಸವಾಗಿತ್ತು. ಮೊದಲೇ ಇದ್ದ ಕಾಯಿಲೆ ಎಂಬ ಕಾರಣಕ್ಕೆ ಹಣ ನಿರಾಕರಿಸಿದ ಕಡತಗಳನ್ನು ದಿನವೂ ನೋಡುತ್ತಿದ್ದುದರಿಂದ, ಆ ಕಾರಣವನ್ನೇ ಕಾನೂನಿನಿಂದ ತೆಗೆದುಹಾಕಲು ಹೊರಟಿದ್ದ ಮಸೂದೆಯ ಚರ್ಚೆಯನ್ನು ಕೇಳಲೇಬೇಕೆಂಬ ಹಂಬಲ ನನಗಿತ್ತು. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಆರಂಭವಾದ ಸಭೆ ನಮಗೆ ರಾತ್ರಿ ಎಂಟೂವರೆಯದು; ಮುಗಿಯುವಾಗ ಇಲ್ಲಿ ಬೆಳಗಿನ ಜಾವವಾಗಿತ್ತು. ನೇರ ವಿಡಿಯೊ, ಸನ್‌ಲೈಟ್ ಫೌಂಡೇಷನ್ನಿನ ಪುಟ, ಟ್ವಿಟರ್, ಪತ್ರಿಕೆಗಳ ಕ್ಷಣಕ್ಷಣದ ವರದಿ ಇವೆಲ್ಲವನ್ನೂ ಆ ರಾತ್ರಿ ಒಟ್ಟಿಗೇ ತೆರೆದಿಟ್ಟುಕೊಂಡಿದ್ದೆ. ಬಳಿಕ ಪೂರ್ಣ ನಡಾವಳಿಯನ್ನು ಓದಿದೆ.

ಇವುಗಳ ಯೋಗ್ಯತೆಯನ್ನು ಅಳೆಯಲು ಅಂದಿನ ಒಂದೇ ಪ್ರಸಂಗ ಸಾಕು. ರಿಪಬ್ಲಿಕನ್ನರ ಪರವಾಗಿ ಮೊದಲು ಮಾತನಾಡಿದ ಟೆನೆಸಿಯ ಸೆನೆಟರ್ ಲಾಮಾರ್ ಅಲೆಕ್ಸಾಂಡರ್, ಈ ಮಸೂದೆಯಿಂದ ಲಕ್ಷಾಂತರ ಜನರ ಪ್ರೀಮಿಯಂ ಏರುತ್ತದೆ ಎಂದರು. ಒಬಾಮ ಅದನ್ನು ಒಪ್ಪದೆ, ಈಗಿರುವಂಥದೇ ವಿಮೆಗೆ ಕುಟುಂಬಗಳು ಕೊಡುವ ಹಣ ಶೇ 14ರಿಂದ 20ರಷ್ಟು ಇಳಿಯುತ್ತದೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಬಜೆಟ್ ಕಚೇರಿಯೇ ಹೇಳಿದೆ ಎಂದರು. ಇಬ್ಬರೂ ಆಧಾರವಾಗಿಟ್ಟುಕೊಂಡದ್ದು ಒಂದೇ ಕಚೇರಿಯ ಲೆಕ್ಕವನ್ನು, ಅಂದರೆ 2009ರ ನವೆಂಬರ್ 30ರಂದು ಸೆನೆಟರ್ ಇವಾನ್ ಬೇ ಅವರಿಗೆ ಆ ಕಚೇರಿ ಬರೆದ ಪತ್ರವನ್ನು.

ನೇರ ವಿಡಿಯೊದಲ್ಲಿ ಈ ಪ್ರಸಂಗ ಕಣ್ಣಿಗೆ ಕಟ್ಟುವಂತೆ ಮೂಡಿತು. ಶ್ವೇತಭವನದ ಜಾಲತಾಣದಲ್ಲಿಯೂ, ಸಂಸತ್ತಿನ ಕಲಾಪಗಳನ್ನು ಪ್ರಸಾರ ಮಾಡುವ ಸಿ-ಸ್ಪ್ಯಾನ್ ವಾಹಿನಿಯಲ್ಲಿಯೂ ಸಭೆಯನ್ನು ನಿರೂಪಕರ ಅಡ್ಡಮಾತಿಲ್ಲದೆ ನೋಡಬಹುದಾಗಿತ್ತು. ಯಾರು ಯಾರ ಮಾತನ್ನು ತಡೆದರು, ಯಾರು ತಲೆತಗ್ಗಿಸಿ ಟಿಪ್ಪಣಿ ಮಾಡಿಕೊಂಡರು ಎಂಬುದು ಬೇರೆ ಯಾವ ಮಾಧ್ಯಮದಲ್ಲಿಯೂ ಸಿಗಲಿಲ್ಲ. ಚುನಾವಣೆ ಮುಗಿದಿದೆ ಎಂದು ಒಬಾಮ, 2008ರ ಅಧ್ಯಕ್ಷ ಚುನಾವಣೆಯಲ್ಲಿ ತಮ್ಮೆದುರು ಸೋತಿದ್ದ ಸೆನೆಟರ್ ಜಾನ್ ಮೆಕೇನ್ ಅವರಿಗೆ ನೆನಪಿಸಿದಾಗ, ಅದು ತನಗೆ ದಿನವೂ ನೆನಪಾಗುತ್ತದೆ ಎಂದು ಮೆಕೇನ್ ಕೊಟ್ಟ ಉತ್ತರವನ್ನು ಅವರ ಧ್ವನಿಯಲ್ಲಿಯೇ ಕೇಳಬೇಕು. ಬರಹದಲ್ಲಿ ಅದು ಬರಿಯ ಚಕಮಕಿಯಾಗಿ ಉಳಿದುಬಿಡುತ್ತದೆ. ಆದರೆ ಪ್ರೀಮಿಯಂ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ವಿಡಿಯೊ ತಿಳಿಸಲಾರದು. ಇಬ್ಬರೂ ನೇರವಾಗಿ, ನಂಬಿಕೆ ಹುಟ್ಟಿಸುವಂತೆಯೇ ಮಾತನಾಡಿದ್ದರಿಂದ, ನೋಡುಗನು ಮೊದಲೇ ಯಾರ ಕಡೆ ಒಲಿದಿದ್ದನೋ ಅವರೇ ಸರಿಯೆಂದು ತೋರುವಂತಿತ್ತು. ಅಂದು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯುತ್ತಿದ್ದ ಕಾಲವಾದ್ದರಿಂದ ಚಿತ್ರ ಮತ್ತೆ ಮತ್ತೆ ನಿಲ್ಲುತ್ತಿತ್ತೆಂಬುದನ್ನೂ ಹೇಳಬೇಕು.

ಸರ್ಕಾರದ ಪಾರದರ್ಶಕತೆಗಾಗಿ ದುಡಿಯುತ್ತಿದ್ದ ಸನ್‌ಲೈಟ್ ಫೌಂಡೇಷನ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅದೇ ನೇರ ವಿಡಿಯೊದ ಪಕ್ಕದಲ್ಲಿ, ಆ ಕ್ಷಣಕ್ಕೆ ಮಾತನಾಡುತ್ತಿರುವ ಸದಸ್ಯರಿಗೆ ಯಾವ ಉದ್ಯಮದಿಂದ ಎಷ್ಟು ಚುನಾವಣಾ ದೇಣಿಗೆ ಬಂದಿದೆ ಎಂಬುದನ್ನು ಅದು ತೋರಿಸುತ್ತಿತ್ತು. ವಿಮಾ ಉದ್ಯಮದ ಬಗ್ಗೆ ಮಾತನಾಡುವವರ ಬದಿಯಲ್ಲೇ ಆ ಉದ್ಯಮದ ದೇಣಿಗೆಯ ಮೊತ್ತ ಕಾಣುವುದು ಅಂದಿಗೆ ತೀರ ಹೊಸತಾಗಿತ್ತು, ಮತ್ತು ಪ್ರಜೆಯ ಕೈಗೆ ಸಿಗಲೇಬೇಕಾದ ಮಾಹಿತಿ ಅದೆಂದು ಇಂದಿಗೂ ನಂಬಿದ್ದೇನೆ. ಆದರೂ ಅದಕ್ಕೊಂದು ಅಪಾಯವಿತ್ತು. ಎರಡೂ ಪಕ್ಷಗಳ ಹಿರಿಯ ಸದಸ್ಯರ ಹೆಸರಿನ ಬಳಿ ದೊಡ್ಡ ಮೊತ್ತಗಳೇ ಇದ್ದುದರಿಂದ, ವಾದವನ್ನು ಕೇಳುವ ಮೊದಲೇ ವಾದಿಸುವವರ ಮೇಲೆ ಅನುಮಾನ ಹುಟ್ಟುತ್ತಿತ್ತು. ಅಲೆಕ್ಸಾಂಡರ್ ಅವರಿಗೆ ಯಾರು ಹಣ ಕೊಟ್ಟರು ಎಂಬುದರಿಂದ ಅವರ ಲೆಕ್ಕ ತಪ್ಪೆಂದಾಗಲಿ ಸರಿಯೆಂದಾಗಲಿ ಸಿದ್ಧವಾಗುವುದಿಲ್ಲ. ಆ ಸಂಸ್ಥೆ 2020ರಲ್ಲಿ ಮುಚ್ಚಿತು. ಅಂಥ ಪ್ರಯತ್ನ ಮುಂದುವರಿಯದಿದ್ದುದಕ್ಕೆ ನನಗೆ ನಿಜವಾಗಿ ಬೇಸರವಿದೆ.

ಟ್ವಿಟರ್ ಇವೆಲ್ಲಕ್ಕಿಂತ ವೇಗವಾಗಿತ್ತು ಮತ್ತು ನಿಧಾನ ಸಂಪರ್ಕದಲ್ಲಿಯೂ ತಡೆಯಿಲ್ಲದೆ ಬರುತ್ತಿತ್ತು. ಎಚ್‌ಸಿಆರ್ (ಹೆಲ್ತ್ ಕೇರ್ ರಿಫಾರ್ಮ್, ಅಂದರೆ ಆರೋಗ್ಯ ಸೇವೆಯ ಸುಧಾರಣೆ) ಎಂಬ ಹ್ಯಾಷ್‌ಟ್ಯಾಗ್ ಹಿಡಿದು ಹೋದರೆ ವೈದ್ಯರು, ಪತ್ರಕರ್ತರು, ವಿಮೆಯಿಲ್ಲದವರು ಎಲ್ಲರೂ ಸಿಗುತ್ತಿದ್ದರು. ಯಾವ ಮಾತನ್ನು ಗಮನಿಸಬೇಕು ಎಂಬುದಕ್ಕೆ ಅದು ಒಳ್ಳೆಯ ಸೂಚಿ. ಆದರೆ 140 ಅಕ್ಷರಗಳ ಮಿತಿಯಲ್ಲಿ ಪ್ರೀಮಿಯಂ ಪ್ರಸಂಗವು ಒಬ್ಬರು ಸುಳ್ಳಾಡಿದರು ಎಂಬ ಮಟ್ಟಕ್ಕೆ ಕುಗ್ಗಿತು. ಇದಕ್ಕಿಂತ ನೋವಾದದ್ದು ನ್ಯೂಯಾರ್ಕಿನ ಪ್ರತಿನಿಧಿ ಲೂಯಿಸ್ ಸ್ಲಾಟರ್ ಅವರ ಮಾತಿಗೆ ಒದಗಿದ ಗತಿ. ತಮ್ಮ ಕ್ಷೇತ್ರದ ಬಡ ಹೆಂಗಸೊಬ್ಬರು, ಕೃತಕ ದಂತಪಂಕ್ತಿ ಮಾಡಿಸಿಕೊಳ್ಳಲಾಗದೆ, ತೀರಿಹೋದ ಅಕ್ಕತಂಗಿಯರಲ್ಲೊಬ್ಬರ ಹಲ್ಲಿನ ಸೆಟ್ಟನ್ನು ಹಾಕಿಕೊಂಡರೆಂದು ಅವರು ಹೇಳಿದರು. ವಿಡಿಯೊದಲ್ಲಿ ಅದು ಕೇಳುವವರನ್ನು ಕಲಕುವ ಮಾತು. ಹಿಂದುಮುಂದಿಲ್ಲದ ಒಂದು ಸಾಲಾಗಿ ಹರಡಿದಾಗ ಮಾತ್ರ ಅದು ಹಲವರ ಹಾಸ್ಯದ ಸರಕಾಯಿತು.

ಪತ್ರಿಕೆಗಳ ಕ್ಷಣಕ್ಷಣದ ವರದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಮಯದ ಹಂಚಿಕೆಯಂಥ ಜಗಳಗಳನ್ನು ಅವು ಚೆನ್ನಾಗಿ ಹಿಡಿದವು: ರಿಪಬ್ಲಿಕನ್ನರಿಗೆ 24 ನಿಮಿಷ, ಡೆಮಾಕ್ರಟರಿಗೆ 52 ನಿಮಿಷ ಸಿಕ್ಕಿದೆಯೆಂಬ ಸೆನೆಟ್ಟಿನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅವರ ಆಕ್ಷೇಪ, ಅದೇ ಪಕ್ಷದ ಪ್ರತಿನಿಧಿ ಎರಿಕ್ ಕ್ಯಾಂಟರ್ ತಮ್ಮ ಮುಂದೆ ಪೇರಿಸಿಟ್ಟಿದ್ದ 2,400 ಪುಟಗಳ ಮಸೂದೆ, ಅಂಥ ಪ್ರದರ್ಶನದಿಂದ ಪ್ರಯೋಜನವಿಲ್ಲವೆಂಬ ಒಬಾಮರ ಅಸಮಾಧಾನ. ವಿಡಿಯೊ ನಿಂತಾಗ ಕಳೆದುಹೋದ ಕೊಂಡಿಯನ್ನು ಹುಡುಕಿಕೊಳ್ಳಲು ಅವು ಬೇಕಾದವು.

ಕೊನೆಯದು ಪೂರ್ಣ ನಡಾವಳಿ, ಜೊತೆಗೆ ಮೂಲ ದಾಖಲೆಗಳ ಓದು. ಬಜೆಟ್ ಕಚೇರಿಯ ಪತ್ರವನ್ನು ನಡಾವಳಿಯ ಪಕ್ಕದಲ್ಲಿಟ್ಟುಕೊಂಡಾಗಲೇ ಅಂದಿನ ವಾದ ನನಗೆ ಬಿಡಿಸಿಕೊಂಡದ್ದು. ಉದ್ಯೋಗದಾತರ ಮೂಲಕವಲ್ಲದೆ ತಾವೇ ವಿಮೆ ಕೊಳ್ಳುವವರ ಸರಾಸರಿ ಪ್ರೀಮಿಯಂ 2016ರ ಹೊತ್ತಿಗೆ, ಮಸೂದೆಯಿಲ್ಲದಿದ್ದರೆ ಇರಬಹುದಾದುದಕ್ಕಿಂತ ಶೇ 10ರಿಂದ 13ರಷ್ಟು ಹೆಚ್ಚಾಗುತ್ತದೆ ಎಂದು ಆ ಪತ್ರ ಅಂದಾಜಿಸಿತ್ತು. ಇದು ಅಲೆಕ್ಸಾಂಡರ್ ಅವರ ಮಾತಿಗೆ ಬೆಂಬಲ. ಆದರೆ ಆ ಮೊತ್ತ ಮೂರು ಅಂಶಗಳ ಕೂಡುವಿಕೆ: ಹೆಚ್ಚು ವ್ಯಾಪ್ತಿಯ ವಿಮೆಯಿಂದ ಶೇ 27ರಿಂದ 30ರಷ್ಟು ಏರಿಕೆ; ಮಾರುಕಟ್ಟೆಯ ಹೊಸ ನಿಯಮಗಳಿಂದ ಶೇ 7ರಿಂದ 10ರಷ್ಟು ಇಳಿಕೆ; ಹೊಸದಾಗಿ ಸೇರುವವರ ಆರೋಗ್ಯಸ್ಥಿತಿಯಿಂದ ಮತ್ತೆ ಶೇ 7ರಿಂದ 10ರಷ್ಟು ಇಳಿಕೆ. ಒಬಾಮ ಹೇಳಿದ 14ರಿಂದ 20 ಈ ಎರಡು ಇಳಿಕೆಗಳ ಮೊತ್ತ. ಇದರ ಮೇಲೆ, ಆ ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಜನರಿಗೆ ಸರ್ಕಾರದ ಸಬ್ಸಿಡಿ ದೊರೆತು ಅವರ ಕೈಯಿಂದ ಹೋಗುವ ಹಣ ಬಹಳ ಕಡಿಮೆಯಾಗುತ್ತದೆ ಎಂಬುದೂ ಅದೇ ಪತ್ರದಲ್ಲಿತ್ತು. ಇಬ್ಬರೂ ಸುಳ್ಳಾಡಿರಲಿಲ್ಲ, ಒಬ್ಬರು ಒಟ್ಟು ಮೊತ್ತವನ್ನು ಹೇಳಿದರು, ಇನ್ನೊಬ್ಬರು ಅದೇ ಬಗೆಯ ವಿಮೆಯ ಬೆಲೆಯನ್ನು ಹೇಳಿದರು. ಇಷ್ಟನ್ನು ತಿಳಿಸಿಕೊಟ್ಟ ನೇರ ಮಾಧ್ಯಮ ಆ ರಾತ್ರಿ ನನಗೆ ಒಂದೂ ಸಿಗಲಿಲ್ಲ.

ರಿಪಬ್ಲಿಕನ್ ಪ್ರತಿನಿಧಿ ಪಾಲ್ ರಯಾನ್ ಅವರ ವಾದದ ವಿಷಯದಲ್ಲಿಯೂ ಹೀಗೆಯೇ ಆಯಿತು. ಹತ್ತು ವರ್ಷಗಳ ತೆರಿಗೆ ಹಾಗೂ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆ) ಕಡಿತದ ಹಣದಿಂದ ಆರು ವರ್ಷಗಳ ಖರ್ಚನ್ನು ತೂಗಿಸಿ ಕೊರತೆ ಇಳಿದಂತೆ ತೋರಿಸಲಾಗಿದೆ ಎಂಬ ಅವರ ಮಾತು ವಿಡಿಯೊದಲ್ಲಿ ಎಷ್ಟು ಚುರುಕಾಗಿತ್ತೆಂದರೆ, ಒಂದು ಅಂಕಿಯನ್ನು ಗ್ರಹಿಸುವಷ್ಟರಲ್ಲಿ ಮುಂದಿನದು ಬಂದಿರುತ್ತಿತ್ತು. ಓದುವಾಗ ಅದನ್ನು ನಿಲ್ಲಿಸಿ, ಒಪ್ಪಬಹುದಾದುದನ್ನೂ ಪ್ರಶ್ನಿಸಬೇಕಾದುದನ್ನೂ ಬೇರೆಮಾಡಲು ಸಾಧ್ಯವಾಯಿತು.

ಆದ್ದರಿಂದ ನನ್ನ ಮೊದಲ ಆಯ್ಕೆ ನಡಾವಳಿ; ಎರಡನೆಯದು ವಿಡಿಯೊ. ಟ್ವಿಟರನ್ನು ಯಾವ ಭಾಗ ನೋಡಬೇಕೆಂದು ಗುರುತು ಮಾಡಿಕೊಳ್ಳುವುದಕ್ಕಷ್ಟೇ ಬಳಸಬೇಕು. 2010ರ ಮಾರ್ಚ್ 23ರಂದು ಕಾನೂನಾದ ಆ ಸುಧಾರಣೆಯ ಹಿನ್ನೆಲೆಯನ್ನು ಈಗ ಅರಿಯಬಯಸುವವರಿಗೆ ಎರಡೂ ಲಭ್ಯವಿವೆ: ಸಭೆಯ ಮರುತಿಂಗಳೇ ಸಿ-ಸ್ಪ್ಯಾನ್ ತನ್ನ ವಿಡಿಯೊ ಭಂಡಾರವನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು, ಒಬಾಮ ಆಡಳಿತದ ಜಾಲತಾಣವನ್ನು ಅಮೆರಿಕದ ರಾಷ್ಟ್ರೀಯ ದಾಖಲೆ ಸಂಸ್ಥೆ ಕಾಪಾಡಿಕೊಂಡಿದೆ. ಅಲೆಕ್ಸಾಂಡರ್ ಮತ್ತು ರಯಾನ್ ಅವರ ಭಾಗಗಳನ್ನು ಬಜೆಟ್ ಕಚೇರಿಯ ಪತ್ರಗಳೊಂದಿಗೆ ಓದಬೇಕು. ಸ್ಲಾಟರ್ ಮತ್ತು ಮೆಕೇನ್ ಅವರ ಭಾಗಗಳನ್ನು ತಪ್ಪದೆ ವಿಡಿಯೊದಲ್ಲಿ ನೋಡಬೇಕು.